ಬೆನ್ನುಹುರಿ ಪೆಟ್ಟಾದ ತಮ್ಮ ಕಯಾಕ್ ಮಾಡಬೇಕಂತೆ: ಗೊತ್ತಿದ್ದವರು ಹೇಳಿ

ಸಾಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಬೋರ್ಡೋ ಔಷಧಿ ಹೊಡೆಯುವಾಗ ಜಾರಿ ಬಿದ್ದ. ಬೆನ್ನುಹುರಿಗೆ ಪೆಟ್ಟು. ಡಿಸ್ಚಾರ್ಜ್ ಚೀಟಿಯಲ್ಲಿ ಟಿ10 ಅಂತ ಬರೆದಿದ್ದಾರೆ, ಅಂದರೆ ಎದೆಭಾಗದ ಬೆನ್ನುಮೂಳೆಗಳಲ್ಲಿ ಮೇಲಿನಿಂದ ಹತ್ತನೆಯದರ ಮಟ್ಟ. ಹೊಕ್ಕುಳಿನಿಂದ ಕೆಳಗೆ ಚಲನೆಯೂ ಇಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಕೈ, ಭುಜ ಮಾತ್ರ ಗಟ್ಟಿ. ಮಂಚದಿಂದ ವೀಲ್‌ಚೇರ್‌ಗೆ ತಾನೇ ಜರುಗಿಕೊಳ್ಳುತ್ತಾನೆ, ಯಾರೂ ಹಿಡಿಯುವುದು ಬೇಡ.

ಶರಾವತಿ ಹಿನ್ನೀರಿನ ಪಕ್ಕದಲ್ಲೇ ಬೆಳೆದವನು, ಮೊದಲು ಚೆನ್ನಾಗಿ ಈಜುತ್ತಿದ್ದ. ಈಗ ಕಯಾಕಿಂಗ್ (ಉದ್ದನೆಯ ಸಣ್ಣ ದೋಣಿಯಲ್ಲಿ ಕೂತು ಹುಟ್ಟು ಹಾಕುವುದು) ವಿಡಿಯೋ ನೋಡಿ ನೋಡಿ ತಲೆಗೆ ಹತ್ತಿಸಿಕೊಂಡಿದ್ದಾನೆ. ಒಂದು ರೆಸಾರ್ಟ್‌ಗೆ ಫೋನ್ ಮಾಡಿ ಕೇಳಿದೆ. ‘ವೀಲ್‌ಚೇರ್’ ಅಂದ ತಕ್ಷಣ ‘ಇಲ್ಲ ಮೇಡಂ, ನಮ್ಮಲ್ಲಿ ಆಗಲ್ಲ’ ಅಂದರು. ಯಾಕೆ ಅಂತ ಕೇಳುವ ಮೊದಲೇ ಫೋನ್ ಇಟ್ಟರು. ನಿಜವಾಗಲೂ ಆಗುವುದಿಲ್ವಾ? ಅಮ್ಮನಿಗೆ ಇನ್ನೂ ಹೇಳಿಲ್ಲ.

ಕೋಡಿ ಕಯಾಕರ್

ಆಗುತ್ತದೆ ಅಕ್ಕ. ನಾನು ಉಡುಪಿ ಕಡೆ ಹೊಳೆಯಲ್ಲಿ ಕಯಾಕ್ ಗೈಡ್. ಕಾಲಿಲ್ಲದವರನ್ನೂ ಕಾಲಿಗೆ ಶಕ್ತಿ ಇಲ್ಲದವರನ್ನೂ ಕರೆದುಕೊಂಡು ಹೋಗಿದ್ದೇನೆ. ಹುಟ್ಟು ಹಾಕುವುದಕ್ಕೆ ಬೇಕಾದದ್ದು ಕೈ ಮತ್ತು ಮೈ ತಿರುಗಿಸುವ ಶಕ್ತಿ. ಕಾಲು ಊರಿದರೆ ಜೋರು ಸಿಗುತ್ತದೆ ನಿಜ, ಆದರೆ ನಿಧಾನಕ್ಕೆ ಹೋಗುವವರಿಗೆ ಅದಿಲ್ಲದೆಯೂ ನಡೆಯುತ್ತದೆ.

ಬಿಡಿಸಿ ಹೇಳುತ್ತೇನೆ ಕೇಳಿ, ಕಷ್ಟ ಇರುವುದು ನೀರಲ್ಲಿ ಅಲ್ಲ ಮಾರಾಯ್ರೆ, ದಡದಲ್ಲಿ. ಕಾರಿನಿಂದ ನೀರಿನ ತನಕ ಇರುವ ಮರಳು, ಕೆಸರು, ನಾಲ್ಕು ಮೆಟ್ಟಿಲು. ನಮ್ಮಲ್ಲಿ ಉಬ್ಬರ ಇಳಿತ ಬೇರೆ. ಉಬ್ಬರದಲ್ಲಿ ಕಟ್ಟೆಯ ಸಮಕ್ಕೆ ನಿಂತ ದೋಣಿ, ಇಳಿತಕ್ಕೆ ಮೂರು ನಾಲ್ಕು ಅಡಿ ಕೆಳಗೆ ಇರುತ್ತದೆ. ನಡೆಯುವವನು ಹಾರಿ ಇಳಿಯುತ್ತಾನೆ. ನಿಮ್ಮ ತಮ್ಮ ಏನು ಮಾಡುವುದು? ಅದಕ್ಕೇ ಪೂರ್ತಿ ಉಬ್ಬರ ಬರುವ ಸ್ವಲ್ಪ ಮುಂಚೆ ಹೊರಟು, ನೀರು ಇಳಿಯುವ ಮೊದಲೇ ವಾಪಸ್ ಬರುವ ಹಾಗೆ ಲೆಕ್ಕ ಹಾಕಬೇಕು. ತೇಲುವ ಕಟ್ಟೆ ಇದ್ದರೆ ಈ ತಲೆನೋವೇ ಇಲ್ಲ, ನೀರಿನ ಜೊತೆ ಅದೂ ಏರಿ ಇಳಿಯುತ್ತದೆ.

ಇನ್ನೊಂದು ಮಾತು. ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಈಗಲೇ ಬೇಡ. ಮೇಲೆ ಕೂರುವ ಅಗಲದ ಕಯಾಕ್ ತಗೊಳ್ಳಿ. ಮಗುಚಿದರೆ ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ, ಮೈ ತಾನಾಗಿ ಹೊರಗೆ ಬೀಳುತ್ತದೆ.

ಹುಬ್ಬಳ್ಳಿ ಮಂದಿ

ನನಗೆ ಎರಡು ವರ್ಷದವನಿದ್ದಾಗ ಪೋಲಿಯೋ. ಎರಡೂ ಕಾಲು ಸಣ್ಣ, ಕ್ಯಾಲಿಪರ್ (ಕಾಲಿಗೆ ಆಧಾರದ ಪಟ್ಟಿ) ಹಾಕ್ಕೊಂಡು ಅಡ್ಡಾಡ್ತೀನಿ. ದಾಂಡೇಲಿ ಕಡೆ ಕಾಳಿ ಹೊಳೆಯ ನಿಂತ ನೀರಿನಲ್ಲಿ ಗೆಳೆಯರ ಜೋಡಿ ಕಯಾಕ್ ಮಾಡೀನಿ. ಕ್ಯಾಲಿಪರ್ ಬಿಚ್ಚಿಟ್ಟೆ, ಇಬ್ಬರು ಎತ್ತಿ ಕೂರಿಸಿದರು, ಹೋದೆ, ಬಂದೆ. ಅಷ್ಟೇರಿ. ಇಷ್ಟೆಲ್ಲಾ ವಿಚಾರ ಮಾಡುವಂಥದ್ದು ಏನೂ ಇಲ್ಲ. ಜಾಸ್ತಿ ತಯಾರಿ ಅಂದಷ್ಟೂ ಮನೆಯವರು ಜಾಸ್ತಿ ಹೆದರ್ತಾರ. ಅವರನ್ನ ಕರಕೊಂಡು ಹೋಗ್ರಿ ಮೊದಲು.

ಬೆಳಗಾವಿ ಫಿಸಿಯೋ

ಹುಬ್ಬಳ್ಳಿಯವರ ಹುರುಪು ಇಷ್ಟವಾಯಿತು. ಆದರೆ ಪೋಲಿಯೋಗೂ ಬೆನ್ನುಹುರಿಯ ಪೆಟ್ಟಿಗೂ ದೊಡ್ಡ ವ್ಯತ್ಯಾಸ ಇದೆ. ಪೋಲಿಯೋದಲ್ಲಿ ಸ್ನಾಯು ಸೋತಿರುತ್ತದೆ, ಚರ್ಮದ ಸ್ಪರ್ಶ ಉಳಿದಿರುತ್ತದೆ. ಸೀಟು ಒತ್ತಿದರೆ ನಿಮಗೆ ನೋವಾಗುತ್ತದೆ, ನೀವು ಹೊರಳುತ್ತೀರಿ. ಈ ಹುಡುಗನಿಗೆ ಆ ನೋವು ಬರುವುದೇ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಮೇಲೆ ಒದ್ದೆ ಚಡ್ಡಿಯಲ್ಲಿ ಎರಡು ತಾಸು ಕೂತರೆ ಹುಣ್ಣು ಶುರುವಾಗಬಹುದು. ಒಂದು ಸಲ ಒತ್ತಡದ ಹುಣ್ಣು ಆಯಿತು ಅಂದರೆ ವಾಸಿಯಾಗಲು ತಿಂಗಳುಗಟ್ಟಲೆ ಮಲಗಿಯೇ ಇರಬೇಕಾಗುತ್ತದೆ. ನಾನು ಮುಳುಗುವುದಕ್ಕಿಂತ ಇದಕ್ಕೆ ಹೆಚ್ಚು ಹೆದರುತ್ತೇನೆ.

ಆದ್ದರಿಂದ ಸೀಟಿನ ಮೇಲೆ ದಪ್ಪ ಫೋಮ್ ಬೇಕೇ ಬೇಕು, ನೀರು ಹೀರದಂಥದ್ದು. ವೀಲ್‌ಚೇರ್‌ನ ಗಾಳಿ ಕುಶನ್ ಹಾಕಬಹುದು, ಆದರೆ ಅದು ಮೈಯನ್ನು ಮೇಲಕ್ಕೆತ್ತುವುದರಿಂದ ಕಯಾಕ್ ಓಲಾಡುವುದು ಜಾಸ್ತಿ. ಹಾಕಿದರೆ ಗಾಳಿ ಸ್ವಲ್ಪ ಇಳಿಸಿ. ಕಾಲು ಗಂಟೆಗೊಮ್ಮೆ ಹುಟ್ಟು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿ ಸ್ವಲ್ಪ ಹೊತ್ತು ಹಾಗೇ ಇರಲಿ. ಮೊದಲ ಸಲ ಅರ್ಧ ಗಂಟೆ ಸಾಕು. ಮನೆಗೆ ಬಂದು ಕನ್ನಡಿ ಅಥವಾ ಫೋನ್ ಕ್ಯಾಮೆರಾದಲ್ಲಿ ಪೃಷ್ಠ, ಬಾಲದ ಮೂಳೆ, ಹಿಮ್ಮಡಿ ನೋಡಿ. ಕೆಂಪು ಅರ್ಧ ಗಂಟೆಯಾದರೂ ಹೋಗದಿದ್ದರೆ ಮತ್ತೆ ನೀರಿನ ಮಾತು ಬೇಡ. ಈಗಲೇ ಹುಣ್ಣು ಇದ್ದರಂತೂ ಹೊಳೆ ನೀರಿಗೆ ಇಳಿಯಲೇಬಾರದು.

ಪಾದಕ್ಕೆ ಸಾಕ್ಸ್, ಶೂ ಇರಲಿ. ಬಿಸಿಲಲ್ಲಿ ನಿಂತ ಕಯಾಕ್ ಮುಟ್ಟಿ ನೋಡಿ, ಕಾವಲಿ ಥರ ಇರುತ್ತದೆ. ಕೂರುವ ಮುಂಚೆ ಎರಡು ಬಕೆಟ್ ನೀರು ಸುರಿಯಿರಿ. ಹೊರಡುವ ಮೊದಲು ಮೂತ್ರಕೋಶ ಖಾಲಿ ಇರಬೇಕು, ಸಿಐಸಿ (ಆಗಾಗ ಕೊಳವೆ ಹಾಕಿ ಮೂತ್ರ ತೆಗೆಯುವುದು) ಮಾಡಿಕೊಳ್ಳುವವರಾದರೆ ಮುಗಿಸಿಕೊಂಡೇ ಹೊರಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಪೆಟ್ಟು ಟಿ6 ಅಥವಾ ಅದಕ್ಕಿಂತ ಮೇಲೆ ಇದ್ದರೆ ಲೆಕ್ಕವೇ ಬೇರೆ. ಬಿಗಿ ಪಟ್ಟಿ, ತುಂಬಿದ ಮೂತ್ರಕೋಶ ಇಂಥ ಸಣ್ಣ ಕಾರಣಕ್ಕೇ ಬಿಪಿ ಏಕಾಏಕಿ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ. ನೇರ ಕೂರಿಸಿ, ಬಿಗಿ ಇರುವುದನ್ನೆಲ್ಲ ಸಡಿಲಿಸಿ, ಕಾರಣ ಹುಡುಕಿ, ಆಸ್ಪತ್ರೆಗೆ ಹೊರಡಿ. ಅಂಥವರಿಗೆ ಮೈ ಸರಿಯಾಗಿ ಬೆವರುವುದೂ ಇಲ್ಲ, ಬಿಸಿಲು ಬೇಗ ತಗಲುತ್ತದೆ.

ಹುಬ್ಬಳ್ಳಿ ಮಂದಿ

ಸ್ಪರ್ಶದ ಮಾತು ಒಪ್ಪಿದೆ ಡಾಕ್ಟರ್. ಆದರೂ ಈ ಪಟ್ಟಿ ಓದಿದರ ನನಗೇ ಮನೆಯಾಗ ಕೂತಿರೋಣ ಅನ್ನಿಸ್ತು ನೋಡ್ರಿ!

ಜಯನಗರ 4ನೇ ಬ್ಲಾಕ್

ನನಗೆ ಕಯಾಕ್ ಗೊತ್ತಿಲ್ಲ. ಸುಮ್ನೆ ಒಂದು ಪ್ರಶ್ನೆ. ಸೊಂಟದಲ್ಲಿ ಹಿಡಿತ ಇಲ್ಲ ಅಂದಮೇಲೆ ಬೆಲ್ಟ್ ಹಾಕಿ ಸೀಟಿಗೆ ಗಟ್ಟಿಯಾಗಿ ಕಟ್ಟಿಬಿಟ್ಟರೆ ಬೀಳುವುದೇ ಇಲ್ಲ ಅಲ್ವಾ? ಕಾರಲ್ಲಿ ಹಾಕಲ್ವಾ?

ಕೋಡಿ ಕಯಾಕರ್

ಬೇಡ. ಬೇಡ. ಬೇಡ.

ಕಾರು ಮಗುಚಿದರೆ ಒಳಗೆ ಗಾಳಿ ಇರುತ್ತದೆ. ಕಯಾಕ್ ಮಗುಚಿದರೆ ತಲೆ ನೀರೊಳಗೆ, ಮೈ ಸೀಟಿಗೆ. ಕಯಾಕ್ ಮಗುಚುವುದು ಅಪರೂಪವೇನಲ್ಲ, ಆಟದ ಒಂದು ಭಾಗ. ಮನೆಯವರು ಪ್ರೀತಿಯಿಂದಲೇ ಲುಂಗಿ, ಹಗ್ಗ ಹಿಡಿದು ಕಟ್ಟಲು ಬರುತ್ತಾರೆ. ನಾನು ಬಿಡುವುದಿಲ್ಲ. ಬೆನ್ನಿಗೆ ಎತ್ತರದ ಒರಗು, ಸೊಂಟದ ಎರಡೂ ಕಡೆ ಫೋಮ್ ತುಂಡು, ಮೊಣಕಾಲಿನ ಕೆಳಗೆ ಫೋಮ್ ಸುರುಳಿ ಕೊಟ್ಟರೆ ಸಾಕಷ್ಟು ಹಿಡಿತ ಸಿಗುತ್ತದೆ.

ಎದೆಯ ಹಿಡಿತವೂ ಇಲ್ಲದವರಿಗೆ ಪಟ್ಟಿ ಬೇಕೇ ಆಗಬಹುದು. ಆಗ ಅದು ವೆಲ್ಕ್ರೋ ಆಗಿರಬೇಕು. ಒಂದು ಕೈಯಲ್ಲಿ, ಒಂದೇ ಎಳೆತಕ್ಕೆ, ಕೂತವನೇ ಬಿಚ್ಚುವ ಹಾಗಿರಬೇಕು. ಅದನ್ನು ಮೊದಲು ಸೊಂಟಮಟ್ಟದ ನೀರಲ್ಲಿ ಒದ್ದೆ ಮಾಡಿ, ಭಾರ ಬಿದ್ದಾಗಲೂ ಬಿಚ್ಚುತ್ತದೆಯೇ ಅಂತ ನೋಡಬೇಕು. ಗಂಟು, ಬಕಲ್, ಹಗ್ಗ ಯಾವುದೂ ನಡೆಯುವುದಿಲ್ಲ. ಕೈ ಹಿಡಿತ ಇಲ್ಲದವರಿಗೆ ಹುಟ್ಟಿಗೆ ಕೈ ಸೇರಿಸಿ ಕಟ್ಟುವಾಗಲೂ ಇದೇ ನಿಯಮ. ಸೈಕಲ್ ಟ್ಯೂಬ್‌ನ ಬಳೆ ಮಾಡಿ ಕೈ ತೂರಿಸಿದರೆ ಹಿಡಿತವೂ ಸಿಗುತ್ತದೆ, ಎಳೆದರೆ ಜಾರಿಯೂ ಬರುತ್ತದೆ.

ಮಿನೆಸೋಟ ಕನ್ನಡಿಗ

ಊರು ಶಿರಸಿ, ಈಗ ಅಮೆರಿಕದಲ್ಲಿದ್ದೇನೆ. ಬೇಸಿಗೆಯಲ್ಲಿ ಇಲ್ಲಿನ ಕೆರೆಗಳಲ್ಲಿ ಇಂಥ ಕಯಾಕಿಂಗ್‌ಗೆ ಸ್ವಯಂಸೇವಕನಾಗಿ ಹೋಗುತ್ತೇನೆ. ಅಮೆರಿಕನ್ ಕನೂ ಅಸೋಸಿಯೇಷನ್‌ನವರು ಅಂಗವಿಕಲರಿಗೆ ಕಯಾಕ್ ಕಲಿಸುವುದಕ್ಕೆಂದೇ ತರಬೇತುದಾರರಿಗೆ ಪ್ರತ್ಯೇಕ ತರಬೇತಿ ಕೊಡುತ್ತಾರೆ. ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಟೀಮ್ ರಿವರ್ ರನ್ನರ್ ಅಂತ ಒಂದು ಸಂಸ್ಥೆ ಇದೆ. 2004ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಶುರುವಾದದ್ದು. ಕಾಲು ಕಳೆದುಕೊಂಡ ಹುಡುಗರಿಗೆ ಮೊದಲು ಈಜುಕೊಳದಲ್ಲಿ ಕಯಾಕ್ ಕಲಿಸಿ, ಆಮೇಲೆ ನದಿಗೆ ಕರೆದೊಯ್ದರು.

ನೀವೂ ಈಜುಕೊಳದಿಂದಲೇ ಶುರು ಮಾಡಿ. ಕಯಾಕ್ ಸಿಗದಿದ್ದರೂ ಪರವಾಗಿಲ್ಲ, ಲೈಫ್ ಜಾಕೆಟ್ ಹಾಕಿ ಸುಮ್ಮನೆ ತೇಲಿಸಿ ನೋಡಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಲೈಫ್ ಜಾಕೆಟ್ ತಯಾರಾಗುವುದು ಎರಡು ಕಾಲಿನ ಭಾರ ಇರುವ ಮೈಗೆ. ಸ್ನಾಯು ಕರಗಿದ ಕಾಲು ಮೇಲಕ್ಕೆ ತೇಲುತ್ತದೆ. ಆಗ ಕೆಲವರ ಮುಖ ಕೆಳಗಾಗಬಹುದು, ಕೆಲವರು ಒಂದು ಪಕ್ಕಕ್ಕೆ ಉರುಳಬಹುದು. ಯಾರಿಗೆ ಏನಾಗುತ್ತದೆ ಅಂತ ನೀರಿಗಿಳಿಸದೆ ಹೇಳಲು ಆಗುವುದಿಲ್ಲ. ತಾನಾಗಿ ಮಲಗಿದ ಭಂಗಿಗೆ ಬಂದು ಬಾಯಿ ನೀರಿನ ಮೇಲಿರುತ್ತದೆಯೇ? ಬರದಿದ್ದರೆ ತೋಳಿನಿಂದ ತಿರುಗಿಕೊಳ್ಳುವುದನ್ನು ಕಲಿಯುವ ತನಕ ಕೊಳ ಬಿಡಬೇಡಿ. ಜಾಕೆಟ್ ಮೇಲೆ ಸರಿಯದ ಹಾಗೆ ತೊಡೆಸಂದಿಯ ಪಟ್ಟಿ ಇದ್ದರೆ ಒಳ್ಳೆಯದು.

ಕೃತಕ ಕಾಲು ಇರುವವರು ನೀರಿಗೆ ಮುಂಚೆ ಬಿಚ್ಚುವುದೇ ವಾಸಿ. ಬಿಚ್ಚಿದ ಕಾಲನ್ನು ಕಯಾಕ್‌ಗೆ ಕಟ್ಟಿ, ಮೈಗೆ ಕಟ್ಟಬೇಡಿ.

ಬಾಯಿ ಬಿಟ್ಟು ಹೇಳುತ್ತೇನೆ, ಇಲ್ಲೂ ಎಲ್ಲ ಸೊಗಸಾಗಿಲ್ಲ. ಉರುಳೆ ಇರುವ ತೇಲುವ ಕಟ್ಟೆ, ಕೈ ಹಿಡಿಯಲು ಮೇಲೆ ಕಂಬಿ, ಎಲ್ಲ ಇರುವ ಕೆರೆಗಳಿವೆ. ಆದರೆ ಪಾರ್ಕಿಂಗ್‌ನಿಂದ ಅಲ್ಲಿಗೆ ಜಲ್ಲಿ ಹಾದಿ!

ತಮ್ಮ

ನಾನೇ ಆ ತಮ್ಮ. ಅಕ್ಕ ಹಾಕಿದ್ದು ಈಗ ನೋಡಿದೆ. ಅಮ್ಮನಿಗೆ ಹೇಳಿಲ್ಲ ಅಂತ ಊರಿಗೆಲ್ಲ ಹೇಳಿದ್ದಾಳೆ.

ಎಲ್ಲರೂ ಸುರಕ್ಷತೆ ಹೇಳಿದ್ದೀರಿ, ಒಳ್ಳೆಯದೇ. ಆದರೆ ಯಾರೂ ಕೇಳದ ಒಂದು ವಿಷಯ ಇದೆ. ನನಗೆ ಒಂಟಿ ಸೀಟಿನದ್ದೇ ಬೇಕು. ಹಿಂದೆ ಒಬ್ಬ ಕೂತು ಅವನೇ ಹುಟ್ಟು ಹಾಕಿ, ನಾನು ಮುಂದೆ ಕೂತು ಫೋಟೋಗೆ ನಗುವುದಾದರೆ ನನಗೆ ಬೇಡವೇ ಬೇಡ. ಬಿದ್ದ ದಿನದಿಂದ ಯಾರೋ ಒಬ್ಬರು ನನ್ನ ಹಿಂದೆ ನಿಂತೇ ಇರುತ್ತಾರೆ. ತಳ್ಳುವುದಕ್ಕೆ. ನೀರಿನಲ್ಲಾದರೂ ಹಿಂದೆ ಯಾರೂ ಇಲ್ಲದೆ ಹೋಗಬೇಕು ಅಂತ ಆಸೆ.

ಮತ್ತೆ ಇದರಲ್ಲಿ ರೇಸ್ ಇದೆಯಂತಲ್ಲ?

ಕೋಡಿ ಕಯಾಕರ್

ತಮ್ಮಾ, ಮೊದಲ ದಿನ ಜೋಡಿ ಸೀಟಿನದ್ದು ತಗೊಳ್ಳುವುದು ನಿನ್ನನ್ನು ಕೂರಿಸಿ ಮೆರೆಸುವುದಕ್ಕಲ್ಲ. ನಿನ್ನ ಮೈ ಎಷ್ಟು ಓಲಿದರೆ ವಾಪಸ್ ಬರುತ್ತದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಿಂದೆ ಕೂತವನು ಹುಟ್ಟು ಮೇಲೆತ್ತಿ ಇಟ್ಟುಕೊಳ್ಳಬೇಕು, ನೀನೇ ನಡೆಸಬೇಕು. ಅವನು ಬ್ರೇಕ್ ಮಾತ್ರ. ಒಂದು ತಾಸು ಹಾಗೆ ನಡೆಸಿದರೆ ಆಮೇಲೆ ಒಂಟಿ ಕೊಡುತ್ತೇನೆ. ಪಕ್ಕದಲ್ಲಿ ನನ್ನ ಕಯಾಕ್ ಇರುತ್ತದೆ. ಹಿಂದೆ ಅಲ್ಲ, ಪಕ್ಕದಲ್ಲಿ.

ಸ್ಕೋರ್ ಬೋರ್ಡ್

ರೇಸ್ ಇದೆ ಬ್ರದರ್. ಪ್ಯಾರಾಕನೂ ಅಂತಾರೆ. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಮೊದಲ ಸಲ ಬಂತು. 200 ಮೀಟರ್, ನೇರ ಓಟ. ಆಗ ಕಯಾಕ್ ಮಾತ್ರ ಇತ್ತು, ಟೋಕಿಯೋದಲ್ಲಿ ‘ವಾ’ ಅನ್ನುವ ದೋಣಿಯೂ ಸೇರಿತು. ಇದಕ್ಕೆ ಒಂದು ಪಕ್ಕದಲ್ಲಿ ತೇಲುಗಟ್ಟಿ ಇರುತ್ತದೆ, ಹುಟ್ಟಿಗೆ ಒಂದೇ ಅಲಗು. ಕಾರವಾರ ಕಡೆ ಸಣ್ಣ ದೋಣಿಗಳಿಗೆ ಪಕ್ಕದಲ್ಲಿ ದಿಮ್ಮಿ ಕಟ್ಟುವುದನ್ನು ನೋಡಿದ್ದರೆ ಉಪಾಯ ಥಟ್ಟನೆ ಅರ್ಥವಾಗುತ್ತದೆ.

ಕಯಾಕ್‌ನಲ್ಲಿ ಕೆಎಲ್1, ಕೆಎಲ್2, ಕೆಎಲ್3 ಅಂತ ಮೂರು ವರ್ಗ. ಮುಂಡದ ಹಿಡಿತ ಇಲ್ಲದೆ ತೋಳು, ಭುಜದಿಂದಲೇ ನಡೆಸುವವರು ಕೆಎಲ್1. ಮುಂಡದ ಹಿಡಿತ ಸ್ವಲ್ಪ ಇರುವವರು ಕೆಎಲ್2. ಮುಂಡ ಚೆನ್ನಾಗಿದ್ದು ಕಾಲೂ ಅಷ್ಟಿಷ್ಟು ಕೆಲಸ ಮಾಡಿದರೆ ಕೆಎಲ್3. ಯಾವ ವರ್ಗ ಅನ್ನುವುದನ್ನು ರೋಗದ ಹೆಸರಿನಿಂದ ತೀರ್ಮಾನಿಸುವುದಿಲ್ಲ. ಮೇಜಿನ ಮೇಲೂ ನೀರಿನಲ್ಲೂ ಪರೀಕ್ಷೆ ಮಾಡಿ ಹೇಳುತ್ತಾರೆ.

ನಮ್ಮ ದೇಶದ ಹೆಸರು ಅಂದರೆ ಪ್ರಾಚಿ ಯಾದವ್. ಗ್ವಾಲಿಯರ್ ಹುಡುಗಿ. ಮೊದಲು ಪ್ಯಾರಾ ಈಜು ಮಾಡುತ್ತಿದ್ದಳು. ಕೋಚ್ ಆಕೆಯ ಉದ್ದ ತೋಳು ನೋಡಿ ಕನೂಗೆ ಹೋಗು ಅಂದರಂತೆ. ತರಬೇತಿ ಭೋಪಾಲದ ಸಣ್ಣ ಕೆರೆಯಲ್ಲಿ. ಟೋಕಿಯೋದಲ್ಲಿ ವಾ ದೋಣಿಯ ವಿಎಲ್2 ವರ್ಗದ ಫೈನಲ್ ಮುಟ್ಟಿ 8ನೇ ಸ್ಥಾನ ಪಡೆದಳು. ಪ್ಯಾರಾಲಿಂಪಿಕ್ಸ್ ಕನೂಯಿಂಗ್‌ಗೆ ಹೋದ ಮೊದಲ ಭಾರತೀಯಳು ಈಕೆಯೇ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಕಯಾಕ್‌ಗೆ ಚಿನ್ನ, ವಾಗೆ ಬೆಳ್ಳಿ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಪ್ರಾಚಿ ಜೊತೆ ಪೂಜಾ ಓಜಾ, ಯಶ್ ಕುಮಾರ್ ಕೂಡ ಹೋದರು. ಈ ಕ್ರೀಡೆಯಲ್ಲಿ ಮಧ್ಯಪ್ರದೇಶ ಮುಂದೆ ಹೋಗಿದೆ. ಇಷ್ಟೊಂದು ನೀರಿಟ್ಟುಕೊಂಡ ನಾವು ನೋಡುತ್ತಾ ಕೂತಿದ್ದೇವೆ, ಇದು ನನ್ನ ಹೊಟ್ಟೆಯುರಿ.

ಒಂದು ಎಚ್ಚರ. ರೇಸ್ ಕಯಾಕ್ ಕನಿಷ್ಠ 50 ಸೆಂಟಿಮೀಟರ್ ಅಗಲ ಇರಬೇಕು ಅಂತ ನಿಯಮ. ರೆಸಾರ್ಟ್‌ಗಳಲ್ಲಿ ಸಿಗುವ ಮೇಲೆ ಕೂರುವ ಕಯಾಕ್ ಹೆಚ್ಚುಕಡಿಮೆ 75 ಇರುತ್ತದೆ. ಅದರಲ್ಲಿ ಆರಾಮಾಗಿ ಕೂತೆ ಅಂತ ಇದರಲ್ಲಿ ಕೂರಲು ಆಗುವುದಿಲ್ಲ.

ಶಿವಮೊಗ್ಗ ವರ್ಕ್‌ಶಾಪ್

ಆ ಪಕ್ಕದ ತೇಲುಗಟ್ಟಿ ಮನೆಯಲ್ಲೇ ಮಾಡಬಹುದು. ಕಯಾಕ್ ಓಲಾಡದ ಹಾಗೆ ಎರಡೂ ಕಡೆ ಕಟ್ಟಬೇಕು. ವಿದೇಶದ್ದು ತರಿಸಿದರೆ ಕೈ ಸುಡುತ್ತದೆ.

160 ಎಂಎಂ ಪಿವಿಸಿ ಪೈಪ್, ಒಂದು ಮೀಟರ್‌ನ ಎರಡು ತುಂಡು. ಎರಡೂ ತುದಿಗೆ ಕ್ಯಾಪ್ ಹಾಕಿ ಸಾಲ್ವೆಂಟ್ ಹಚ್ಚಿ. ಒಂದು ಮೀಟರ್ ಪೈಪ್ ಸುಮಾರು 20 ಲೀಟರ್ ನೀರನ್ನು ಸರಿಸುತ್ತದೆ. ಅಂದರೆ ಪೈಪ್‌ನ ತೂಕ ಕಳೆದು ಅದಕ್ಕೆ ತಕ್ಕ ಭಾರ ತಡೆಯುತ್ತದೆ. 110 ಎಂಎಂ ತಗೊಂಡರೆ 9 ಲೀಟರ್ ಚಿಲ್ಲರೆ ಮಾತ್ರ, ದೊಡ್ಡವರಿಗೆ ಸಾಲದು. ಕ್ಯಾಪ್ ಹಾಕುವ ಮುಂಚೆ ಪೈಪ್ ಒಳಗೆ ಮುಚ್ಚಳ ಬಿಗಿ ಮಾಡಿದ ಖಾಲಿ ನೀರಿನ ಬಾಟಲಿಗಳನ್ನು ತುಂಬಿಬಿಡಿ. ಎಲ್ಲಾದರೂ ಸೋರಿದರೂ ತೇಲುತ್ತದೆ. ಇವನ್ನು ಕಯಾಕ್‌ಗೆ ಸೇರಿಸುವ ಅಡ್ಡಪಟ್ಟಿಗೆ ಅಲ್ಯೂಮಿನಿಯಂ ಪೈಪ್ ಹಾಕಿ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಭಾರವೂ ಹೌದು.

ಅಡ್ಡಪಟ್ಟಿ ಸೀಟಿನ ಹಿಂದೆ ಬರಬೇಕು, ಮುಂದೆ ಕಟ್ಟಿದರೆ ಹುಟ್ಟು ಬಡಿಯುತ್ತದೆ. ಪೈಪ್ ನೀರನ್ನು ಮುಟ್ಟಿಯೂ ಮುಟ್ಟದ ಹಾಗಿರಲಿ. ಪೂರ್ತಿ ಮುಳುಗಿಸಿದರೆ ಎಳೆತ ಜಾಸ್ತಿ, ತೋಳು ಸೋಲುತ್ತದೆ. ಮೊದಲ ಸಲ ನೀರಿಗೆ ಬಿಡುವಾಗ ಮನುಷ್ಯನ ಬದಲು ಮರಳಿನ ಚೀಲ ಕೂರಿಸಿ ಒಂದು ಕಡೆಗೆ ಒತ್ತಿ ನೋಡಿ. ಸಾಗರದವರಾದರೆ ಅಳತೆ ಕಳಿಸಿ, ನಾನೇ ಮಾಡಿಕೊಡುತ್ತೇನೆ. ಸಾಮಾನಿನ ದುಡ್ಡು ಕೊಡಿ ಸಾಕು.

ಬೆಳಗಾವಿ ಫಿಸಿಯೋ

ಚೆನ್ನಾಗಿದೆ. ನಾನು ಮತ್ತೆ ದಡಕ್ಕೇ ಬರುತ್ತೇನೆ. ವೀಲ್‌ಚೇರ್ ಸೀಟು ನೆಲದಿಂದ ಹತ್ತಿರ ಹತ್ತಿರ ಒಂದೂವರೆ ಅಡಿ. ಕಯಾಕ್ ಸೀಟು ಅರ್ಧ ಅಡಿಯೂ ಇಲ್ಲ. ಇಳಿಯುವಾಗ ಒಂದು ಅಡಿ ಜಾರುವುದು ಸುಲಭ. ಸುಸ್ತಾಗಿ ಬಂದವನನ್ನು ಅಷ್ಟೇ ಎತ್ತರಕ್ಕೆ ವಾಪಸ್ ಏರಿಸುವುದು ಕಷ್ಟ. ಗಾಯ ಆಗುವುದು ಆಗಲೇ. ಒಣ ನೆಲದಲ್ಲಿ ಕಯಾಕ್ ಅಡಿಗೆ ಎರಡು ಕಾರ್ ಟೈರ್ ಇಟ್ಟು ಎತ್ತರಿಸಿ, ನಡುವೆ ಒಂದು ಗಟ್ಟಿ ಮಣೆ ಇಟ್ಟು ಅಲ್ಲಿಗೆ ಜರುಗಲಿ, ಅಲ್ಲಿಂದ ಸೀಟಿಗೆ. ಕೂತ ಮೇಲೆ ನಾಲ್ಕು ಜನ ಕಯಾಕ್ ಸಮೇತ ನೀರಿಗೆ ಸರಿಸಿ. ಹೊರಗೆ ಬರುವಾಗಲೂ ಹಾಗೇ.

ಎತ್ತಲೇಬೇಕಾದರೆ ಕಂಕುಳಿಗೆ ಕೈ ಹಾಕಿ ಜಗ್ಗಬೇಡಿ. ವೀಲ್‌ಚೇರ್‌ನವರಿಗೆ ಭುಜವೇ ಕಾಲು. ಅದು ಕೆಟ್ಟರೆ ಮನೆಯಲ್ಲೂ ಓಡಾಟ ನಿಲ್ಲುತ್ತದೆ. ಅದೇ ಕಾರಣಕ್ಕೆ ಹುಟ್ಟನ್ನು ತಲೆಗಿಂತ ಮೇಲಕ್ಕೆತ್ತದೆ ತಗ್ಗಿನಲ್ಲಿ ಆಡಿಸಬೇಕು. ಖುಷಿಯ ವಿಷಯ ಏನೆಂದರೆ, ದಿನವಿಡೀ ಚಕ್ರ ತಳ್ಳಿ ಎದೆಯ ಕಡೆಯ ಸ್ನಾಯು ಬಿಗಿದಿರುತ್ತದೆ. ಹುಟ್ಟು ಎಳೆಯುವಾಗ ಬೆನ್ನಿನ ಸ್ನಾಯು ದುಡಿಯುತ್ತದೆ. ಅವರಿಗೆ ಬೇಕಾದ ವ್ಯಾಯಾಮವೇ ಅದು.

ಮಂಡ್ಯದ ಮಗಳು

ನಡುವೆ ಬಂದೆ, ಕ್ಷಮಿಸಿ. ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆಗಿ ಬಲಗೈ ಆಡುವುದಿಲ್ಲ. ಕಾಲು ಪರವಾಗಿಲ್ಲ, ನಡೆಯುತ್ತಾರೆ. ಅವರಿಗೆ ಏನಾದರೂ ದಾರಿ ಇದೆಯಾ?

ಮಿನೆಸೋಟ ಕನ್ನಡಿಗ

ಪೆಡಲ್ ಕಯಾಕ್ ನೋಡಿ ತಂಗಿ. ಸೈಕಲ್ ಹಾಗೆ ಕಾಲಿನಿಂದ ತುಳಿಯುವುದು, ಚುಕ್ಕಾಣಿಗೆ ಒಂದು ಕೈ ಸಾಕು. ಚುಕ್ಕಾಣಿ ಎಡಕ್ಕಿದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಹುಟ್ಟೇ ಬೇಕು ಅಂದರೆ ಮುಂದೆ ಒಂದು ಕಂಬಕ್ಕೆ ಹುಟ್ಟನ್ನು ಕೂರಿಸುವ ಸಾಧನ ಬರುತ್ತದೆ. ಭಾರ ಕಂಬದ ಮೇಲೆ, ಒಂದೇ ಕೈಯಲ್ಲಿ ಎರಡೂ ಕಡೆ ಆಡಿಸಬಹುದು.

ಹುಬ್ಬಳ್ಳಿ ಮಂದಿ

ಫೋನ್ ಇಟ್ಟ ಆ ರೆಸಾರ್ಟ್ ಸುದ್ದಿಗೆ ಬರ್ತೀನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆಕ್ಷನ್ 29 ಮನರಂಜನೆಗೆ, 30 ಕ್ರೀಡೆಗೆ. ಅಂಗವಿಕಲರೂ ಆಡುವಂತೆ ಸರ್ಕಾರ ವ್ಯವಸ್ಥೆ ಮಾಡಬೇಕು ಅಂತ ಸ್ಪಷ್ಟ ಐತಿ. ಹಂಗಂತ ಕಾಯ್ದೆ ಪುಸ್ತಕ ಹಿಡಕೊಂಡು ಹೋದರ ಕಯಾಕ್ ಕೊಡ್ತಾರ ಅಂತಲ್ಲ. ಫೋನ್‌ನ್ಯಾಗ ‘ವೀಲ್‌ಚೇರ್’ ಅನ್ನೋದಕ್ಕಿಂತ ನೇರ ಹೋಗಿ ಮುಂದ ಕೂತು ಮಾತಾಡ್ರಿ. ‘ಅಂವಾ ತಾನೇ ಕುರ್ಚಿ ಬದಲಿಸ್ತಾನ, ಈಜು ಗೊತ್ತು, ನಾಲ್ಕು ಮಂದಿ ನಾವ ಬರ್ತೀವಿ’ ಅಂತ ಹೇಳಿದರ ಅರ್ಧ ಭಯ ಹೋಗ್ತದ.

ಫೋಟೋ ಬಗ್ಗೆ ತಮ್ಮ ಹೇಳಿದ್ದು ನೂರಕ್ಕ ನೂರು ಖರೆ. ನನ್ನನ್ನ ಎತ್ತಿ ಕೂರಿಸೋದನ್ನ ಯಾರೋ ಶೂಟ್ ಮಾಡಿ, ಪಿಟೀಲು ಹಾಕಿ ಬಿಟ್ಟಿದ್ದರು. ಹುಟ್ಟು ಹಾಕಿದ್ದು ಒಂದು ಸೆಕೆಂಡೂ ಇರಲಿಲ್ಲ ಅದರಾಗ! ಮೊದಲೇ ಹೇಳ್ರಿ: ಎತ್ತುವಾಗ ಕ್ಯಾಮೆರಾ ಚೀಲದ ಒಳಗ.

ಸಾಗರದ ಅಕ್ಕ

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮೊದಲು ಈಜುಕೊಳ. ಅಲ್ಲಿ ಜಾಕೆಟ್ ಪರೀಕ್ಷೆ. ಚರ್ಮ ನೋಡುವ ಕೆಲಸ ನನ್ನದು, ಅವನು ಬೈದರೂ ನೋಡುತ್ತೇನೆ. ಶಿವಮೊಗ್ಗದವರಿಗೆ ಅಳತೆ ಕಳಿಸುತ್ತೇನೆ. ಅಮ್ಮನಿಗೆ ಹೇಳಿದ್ದಾಯಿತು. ‘ನಾನೂ ಬರ್ತೀನಿ’ ಅಂದರು. ಅದು ಬೇರೆ ತಲೆನೋವು.

ಒಂದು ಪ್ರಶ್ನೆ. ಹಿನ್ನೀರು ಮನೆ ಹತ್ತಿರ, ಅಲ್ಲೇ ಶುರು ಮಾಡೋಣವಾ ಅಥವಾ ಕರಾವಳಿಗೆ ಬರೋಣವಾ?

ಕೋಡಿ ಕಯಾಕರ್

ಯಾವ ತಿಂಗಳು ಅನ್ನುವುದರ ಮೇಲೆ ಹೋಗುತ್ತದೆ ಅಕ್ಕ. ನಿಮ್ಮ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ನಿಂತ ಹೊಸತರಲ್ಲಿ ನೀರು ಮೇಲಿನ ತನಕ ಇದ್ದಾಗ ನಿಮ್ಮಲ್ಲೇ ಒಳ್ಳೆಯದು, ಉಬ್ಬರದ ತಾಪತ್ರಯ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ದೂರ ಸರಿದು ನಡುವೆ ಬರೀ ಕೆಸರಿನ ಇಳಿಜಾರು. ಆಗ ನಮ್ಮ ಕಡೆ ಬನ್ನಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮಧ್ಯೆ ಗಾಳಿ ಕಡಿಮೆ, ನೀರು ಶಾಂತ. ಶೂ ಮರೆಯಬೇಡಿ, ಬೇರಿನ ಹತ್ತಿರ ಚಿಪ್ಪು ಇರುತ್ತದೆ, ಕಾಲು ಕೊಯ್ದರೂ ಅವನಿಗೆ ಗೊತ್ತಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಿಯೂ ಬೇಡ. ಎರಡೂ ಕಡೆ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ.

ತಮ್ಮ

ಜೋಡಿ ಸೀಟಿಗೆ ಒಪ್ಪಿದೆ ಅಣ್ಣ. ಆದರೆ ಹಿಂದೆ ಅಕ್ಕ ಬೇಡ. ಜಾತ್ರೆಯಲ್ಲಿ ತೊಟ್ಟಿಲಿಗೆ ಕೂತರೇ ಕಿರುಚುವವಳು.

ಸಾಗರದ ಅಕ್ಕ

ನಾನು ದಡದಲ್ಲೇ ಇರ್ತೀನಿ ಮಾರಾಯ. ಟೈರ್ ಹಿಡ್ಕೊಂಡು.

ಕೋಡಿ ಕಯಾಕರ್

ಹಿಂದಿನ ಸೀಟಿಗೆ ನಾನು ಕೂರುತ್ತೇನೆ. ಬರುವ ವಾರದಲ್ಲಿ ಉಬ್ಬರ ಯಾವ ಹೊತ್ತಿಗೆ ಅಂತ ನೋಡಿ ಹೇಳುತ್ತೇನೆ, ಈಜುಕೊಳದ ಕೆಲಸ ಅಷ್ಟರೊಳಗೆ ಮುಗಿಸಿಕೊಳ್ಳಿ. ಅವನ ತೂಕ ಎಷ್ಟು, ಭುಜದಿಂದ ಸೀಟಿಗೆ ಎಷ್ಟು ಎತ್ತರ ಅಂತ ಬರೆಯಿರಿ. ಒರಗಿಗೆ ಫೋಮ್ ಕತ್ತರಿಸಿ ಇಟ್ಟಿರುತ್ತೇನೆ.